ಟರ್ಕಿ ಹಾಡಿಗೆ ಕುಂದಾಪುರದ ಹರಕೆ

ಜಗತ್ತನ್ನು ಅಲುಗಾಡಿಸಿದ ವೀರರಲ್ಲಿ ಕೆಲವರು ಬಿಲ್ಲು ಹಿಡಿದಿದ್ದರು, ಕೆಲವರು ಗದೆ ಹಿಡಿದಿದ್ದರು. ಲಂಡನ್ನಿನ ವೆಂಬ್ಲಿಯ ಉಮಾನಾಥರು ಹಿಡಿದದ್ದು ತೆಂಗಿನಕಾಯಿ. ಸುರಂಗದ ನಡುವೆ ಉಸಿರುಗಟ್ಟಿ ನಿಂತ ಟ್ಯೂಬು ರೈಲು ಅವರು ಕಣ್ಣು ಮುಚ್ಚಿ “ಅಮ್ಮಾ, ಒಂದು ಕಾಯಿ” ಎಂದ ಮರುಗಳಿಗೆಯಲ್ಲೇ ಬಾಲ ತುಳಿಸಿಕೊಂಡ ಬೆಕ್ಕಿನಂತೆ ಮುಂದಕ್ಕೆ ಜಿಗಿದದ್ದನ್ನು ಕಂಡವರಿದ್ದಾರೆ. ಬೆಳಗಿನಿಂದ ಜಿಪಿ ಡಾಕ್ಟರ ಕ್ಲಿನಿಕ್ಕಿಗೆ ಫೋನು ಹಚ್ಚಿ, ಕಾಯಿಸುವ ಅದೇ ಸಂಗೀತವನ್ನು ಕೇಳಿ ಕೇಳಿ ಹೊಸ ಕಾಯಿಲೆ ತಂದುಕೊಂಡವರಿಗೆ, ಉಮಾನಾಥರು ಪಕ್ಕದಲ್ಲಿ ನಿಂತು ತುಟಿ ಅಲ್ಲಾಡಿಸಿದೊಡನೆ ಆ ಕಡೆಯಿಂದ ಜೀವವಿರುವ ಮನುಷ್ಯರ ದನಿ ಕೇಳಿಸಿದೆ. ಅವರ ಒಂದು ಕಾಯಿಗೆ ಅಳುವ ಕೂಸು ಸುಮ್ಮನಾಗಿದೆ, ವೀಸಾ ಬಂದಿದೆ, ಪಾರ್ಕಿಂಗ್ ಸಿಕ್ಕಿದೆ. ಈಲಿಂಗ್ ರೋಡಿನಲ್ಲಿ ಶನಿವಾರ ಮಧ್ಯಾಹ್ನ ಪಾರ್ಕಿಂಗ್ ಸಿಕ್ಕಿದೆ ಎಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ.

ಉಮಾನಾಥರು ಕುಂದಾಪುರದ ಕಡೆಯವರು. ಈಲಿಂಗ್ ರೋಡಿನಿಂದ ಒಂದು ತಿರುವು ಒಳಗೆ, ಟರ್ಕಿಯವನ ಕ್ಷೌರದಂಗಡಿಯ ಗೋಡೆಗೆ ಒರಗಿಕೊಂಡಂತೆ ಅವರ ಸಣ್ಣ ದೋಸೆ ಹೋಟೆಲು. ಹಿಂಬದಿಯಲ್ಲಿ ಕಸದ ಬಿನ್ನುಗಳ ಪಕ್ಕ ಒಂದು ಕಲ್ಲು. ಈಡೇರಿದ ಹರಕೆಯ ಕಾಯಿ ಒಡೆಯುವುದು ಆ ಕಲ್ಲಿನ ಮೇಲೆ. ಒಡೆದ ಕಾಯಿ ವ್ಯರ್ಥವಾಗಬಾರದಲ್ಲ, ನೇರ ಚಟ್ನಿಗೆ ಹೋಗುತ್ತದೆ. ಹೀಗಾಗಿ ಚಟ್ನಿ ಗಟ್ಟಿಯಾಗಿರುವ ದಿನ ಊರಿನಲ್ಲಿ ಯಾರಿಗೋ ಒಳ್ಳೆಯದಾಗಿದೆ ಎಂದು ಗಿರಾಕಿಗಳು ತಿಳಿದುಕೊಳ್ಳುತ್ತಾರೆ. ಚಟ್ನಿ ನೀರಾದ ದಿನ ಮೌನವಾಗಿ ತಿಂದು ಎದ್ದುಹೋಗುತ್ತಾರೆ.

ಹರಕೆಯಲ್ಲೂ ಅವರಿಗೊಂದು ಅಳತೆ ಇತ್ತು. ಆಗಿಯೇ ತೀರುವಂಥ ಕೆಲಸಕ್ಕೆ ಕಾಯಿ. ಆದರೂ ಆಗಬಹುದು ಎಂಬಂಥದ್ದಕ್ಕೆ ಪಂಚಕಜ್ಜಾಯ. ಆಗುವುದು ಕಷ್ಟ ಎಂಬಂಥದ್ದಕ್ಕೆ ಊರಿನ ಗುಡಿಯಲ್ಲಿ ರಂಗಪೂಜೆ. ಇವೆಲ್ಲಕ್ಕೂ ಮೇಲಿನದು ಆಟ. ಆಟವೆಂದರೆ ಯಕ್ಷಗಾನ. ಕುಂದಾಪುರದ ಕಡೆ ಬಹಳ ದೊಡ್ಡದೇನಾದರೂ ಆಗಬೇಕಿದ್ದರೆ “ಅಮ್ಮಾ, ನಿನಗೊಂದು ಆಟ ಆಡಿಸುತ್ತೇನೆ” ಎಂದು ದೇವಿಗೆ ಹೇಳಿಕೊಳ್ಳುತ್ತಾರೆ. ಕೆಲಸವಾದರೆ ವೇಷ, ಚೆಂಡೆ, ಬಂದವರಿಗೆಲ್ಲ ಊಟ, ಎಲ್ಲ ಹರಕೆ ಹೊತ್ತವನ ತಲೆಯ ಮೇಲೆ. ಇಂಗ್ಲೆಂಡಿನ ಫುಟ್‌ಬಾಲ್ ತಂಡ ದೊಡ್ಡ ಕಪ್ ಗೆದ್ದರೆ ಒಂದು ಆಟ ಎಂದು ಉಮಾನಾಥರು ಈ ದೇಶಕ್ಕೆ ಬಂದ ಹೊಸತರಲ್ಲೇ ಹೇಳಿಟ್ಟಿದ್ದರು. ಅನ್ನ ಕೊಟ್ಟ ದೇಶದ ಮೇಲೆ ಎಂಥ ಅಭಿಮಾನ ಎಂದು ನಾವು ಕೊಂಡಾಡುತ್ತಿದ್ದೆವು. ಗೆಳೆಯ ಸಿದ್ದಲಿಂಗಪ್ಪನವರ ಫ್ಲ್ಯಾಟಿನ ಲಿಫ್ಟು ಕಾಯಮ್ಮಾಗಿ ರಿಪೇರಿಯಾದರೆ ಇನ್ನೊಂದು ಆಟ. ಸಿದ್ದಲಿಂಗಪ್ಪನವರು ಈಗಲೂ ಮೆಟ್ಟಿಲು ಹತ್ತಿಯೇ ಮನೆಗೆ ಹೋಗುತ್ತಾರೆ. ಅಮ್ಮ ಎರಡನ್ನೂ ಇನ್ನೂ ಕಿವಿಗೆ ಹಾಕಿಕೊಂಡಿಲ್ಲ.

ಆದರೆ ಕಿವಿಗೆ ಹಾಕಿಕೊಂಡದ್ದನ್ನು ಉಮಾನಾಥರು ತೀರಿಸದೆ ಬಿಟ್ಟವರಲ್ಲ. “ಉಮಾನಾಥಣ್ಣ ಹೇಳಿದರೆ ಹೇಳಿದ್ದೇ” ಎಂಬ ಮಾತು ಹ್ಯಾರೋದಿಂದ ಸೌತ್‌ಹಾಲ್‌ವರೆಗೆ ಚಲಾವಣೆಯಲ್ಲಿತ್ತು. ಬೇರೆಯವರಿಗೆ ಮನೆಯಿತ್ತು, ಕಾರಿತ್ತು, ಪದವಿಯಿತ್ತು. ಅವರಿಗೆ ಈ ಮಾತಿತ್ತು.

ಪಕ್ಕದಂಗಡಿಯ ನೆಜಾತ ಇವರಿಗಿಂತ ಕಿರಿಯ, ಇವರನ್ನು ‘ಅಬಿ’ ಎನ್ನುತ್ತಿದ್ದ, ಅವರ ಭಾಷೆಯಲ್ಲಿ ಅಣ್ಣ. ಕೈ ಚುರುಕು. ಕ್ಷೌರ ಮುಗಿದ ಮೇಲೆ ಸಣ್ಣ ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟಿನಲ್ಲಿ ಅದ್ದಿ, ಬೆಂಕಿ ಹಚ್ಚಿ, ಗಿರಾಕಿಯ ಕಿವಿಗೆ ಪಟಪಟನೆ ತಟ್ಟಿ ಅಲ್ಲಿನ ರೋಮ ಸುಡುವುದು ಅವರ ಕಡೆಯ ಪದ್ಧತಿ. ಮೊದಲ ಸಲ ಆ ಪಂಜು ಕಂಡ ಸಿದ್ದಲಿಂಗಪ್ಪನವರು ಕುತ್ತಿಗೆಗೆ ಕಟ್ಟಿದ ಬಟ್ಟೆಯ ಸಮೇತ ರಸ್ತೆಗೆ ಬಂದಿದ್ದರು.

ಆ ವಸಂತದಲ್ಲಿ ನೆಜಾತನಿಗೆ ಸಂಗೀತದ ಜ್ವರ ಹತ್ತಿತು. ದೇಶಕ್ಕೊಂದು ಹಾಡು ಕಳಿಸುವ, ಟಿವಿಯಲ್ಲಿ ಎಲ್ಲ ದೇಶದವರೂ ಕೂತು ನೋಡಿ ಅಂಕ ಕೊಡುವ ದೊಡ್ಡ ಸ್ಪರ್ಧೆಯೊಂದಕ್ಕೆ ಟರ್ಕಿಯಿಂದ ಆಯ್ಕೆಯಾದ ಹಾಡಿನಲ್ಲಿ ಅವನ ಅಕ್ಕನ ಮಗಳು ಎಲಿಫ್ ಇದ್ದಳು. ಹಾಡುವವಳು ಬೇರೆ. ಅವಳ ಹಿಂದೆ ಬೆಳ್ಳಿ ಬಣ್ಣದ ಅಂಗಿ ತೊಟ್ಟು “ಆಆ” ಎನ್ನುವ ಮೂವರಲ್ಲಿ ಎಡಗಡೆಯವಳು ಎಲಿಫ್. ನೆಜಾತನ ಪಾಲಿಗೆ ಹಾಡೆಂದರೆ ಆ “ಆಆ”. ಉಳಿದದ್ದು ಅದರ ನಡುನಡುವೆ ತುಂಬಿದ ಬೂಸಾ. ಬೆಳಗ್ಗೆ ಅಂಗಡಿ ತೆರೆದರೆ ಅದೇ ಹಾಡು, ಮುಚ್ಚುವವರೆಗೂ ಅದೇ. ಗೋಡೆ ತೆಳು. ಪ್ರಿಯತಮ ಬಾರದೆ ಚಹಾ ತಣ್ಣಗಾಯಿತು, ಇನ್ನು ಬಂದರೆ ನೀನೇ ಬಿಸಿ ಮಾಡಿಕೊ ಎಂಬ ಅರ್ಥದ ಆ ಹಾಡಿನ ಕುಂಟು ಲಯಕ್ಕೆ ಉಮಾನಾಥರ ಕೈ ತಾನಾಗಿ ಹೊಂದಿಕೊಂಡು, ಕಾವಲಿಯ ಮೇಲೆ ಹಿಟ್ಟು ಹರಡುವ ಸೌಟು ಕೂಡ ಕುಂಟುತ್ತಾ ಸುತ್ತತೊಡಗಿತು.

“ಏನ್ರೀ ಉಮಾನಾಥಪ್ಪ, ದ್ವಾಸಿ ಯಾಕ ಮೊಟ್ಟಿ ಆಕಾರ ಆಗಾಕತ್ತೈತಿ?” ಎಂದು ಧಾರವಾಡದ ಸಿದ್ದಲಿಂಗಪ್ಪನವರು ಕೇಳಿದರು. ಅವರು ಕೌನ್ಸಿಲ್, ಅಂದರೆ ಇಲ್ಲಿಯ ನಗರಸಭೆಯ ನೌಕರರು. ಹರಕೆಯನ್ನು ನಂಬದವರು, ಆದರೆ ಹರಕೆಯ ಚಟ್ನಿಯನ್ನು ಬಲವಾಗಿ ನಂಬಿದವರು.

“ಅದ್ ಟರ್ಕಿ ದ್ವಾಸಿ ಮಾರಾಯ್ರೆ. ತಿನ್ನಿ” ಎಂದರು ಉಮಾನಾಥರು.

ಸ್ಪರ್ಧೆಯ ದಿನ ಹತ್ತಿರವಾದಂತೆ ನೆಜಾತ ಬಾಡಿದ. ಗೆಲ್ಲುವವರ ಬಗ್ಗೆ ಪಂದ್ಯ ಕಟ್ಟುವವರು ಅವನ ಹಾಡನ್ನು ಬಾಲದ ಕಡೆ ಇಟ್ಟಿದ್ದರು. ಊರಿಗೆಲ್ಲ ಗಡ್ಡ ಹೆರೆಯುವವನ ಮುಖದಲ್ಲೇ ಗಡ್ಡ ಬೆಳೆಯಿತು. ಸಿದ್ದಲಿಂಗಪ್ಪನವರ ಮೀಸೆಯ ಒಂದು ತುದಿ ಹೋಗಬಾರದಷ್ಟು ಹೋಯಿತು.

“ಮೀಸಿ ತಿದ್ದಪಾ ಅಂದ್ರ ಹುಬ್ಬಿನಷ್ಟ ಉಳಿಸ್ಯಾನ್ರೀ ಮಗ! ನಾಳೆ ಆಫೀಸಿಗೆ ಹೆಂಗ ಹೋಗ್ಲಿ?”

“ಪಾಪ, ಅವ್ನಿಗೆ ಮನ್ಸ್ ಸಮ ಇಲ್ಲೆ” ಎಂದರು ಉಮಾನಾಥರು.

“ಅವನ ಮನಸಿಗೆ ನನ್ನ ಮೀಸಿ ಯಾಕ್ರೀ ಬಲಿ?”

ಸ್ಪರ್ಧೆಯ ಶನಿವಾರ ಸಂಜೆ ನೆಜಾತ ಅಂಗಡಿ ಮುಚ್ಚಿ ಹೋಟೆಲಿಗೇ ಬಂದ. ಬಂಧುಗಳ ಜೊತೆ ಕೂತು ನೋಡಿದರೆ ಎಲ್ಲರೂ ಕೂಡಿ ಅಳುತ್ತಾರೆ, ಇಲ್ಲಿ ಒಬ್ಬನೇ ಅಳಬಹುದು ಎಂಬುದು ಅವನ ಲೆಕ್ಕ. ಉಮಾನಾಥರ ಹೆಂಡತಿ ಪುಷ್ಪಾವತಿ ಒಂದು ಲೋಟ ಮಜ್ಜಿಗೆ ಕೊಟ್ಟರು. “ಅಯ್ರಾನ್!” ಎಂದು ಅವನು ಕಣ್ಣೀರು ಹಾಕಿದ. ಅವರ ಊರಿನಲ್ಲೂ ಮಜ್ಜಿಗೆ ಕುಡಿಯುತ್ತಾರಂತೆ. “ಕುಡಿಲಿ ಕಾಣಿ, ಇನ್ನೊಂದ್ ಕೊಡ್ತೆ” ಎಂದು ಪುಷ್ಪಾವತಿ ಒಳಗೆ ಹೋದರು.

ಟಿವಿಯಲ್ಲಿ ಟರ್ಕಿಯ ಹಾಡು ಬಂತು, ಹೋಯಿತು. ಎಲಿಫ್ “ಆಆ” ಎಂದಳು. ಆ ಹೊತ್ತಿಗೆ ಸರಿಯಾಗಿ ಕ್ಯಾಮೆರಾ ಬೇರೆಡೆ ತಿರುಗಿತ್ತು. ನೆಜಾತ ಮೇಜಿನ ಮೇಲೆ ತಲೆ ಇಟ್ಟ. “ಮುಗಿಯಿತು ಅಬಿ. ಯಾರೂ ಅಂಕ ಕೊಡುವುದಿಲ್ಲ. ಆ ಮಗು ಊರಿಗೆ ಹೇಗೆ ಮುಖ ತೋರಿಸುತ್ತೆ?”

ಆಗ ಉಮಾನಾಥರು ಎದ್ದರು. ಸೌಟು ಕೆಳಗಿಟ್ಟರು, ಕೈ ಒರೆಸಿಕೊಂಡರು, ನೆಜಾತನ ಭುಜದ ಮೇಲೆ ಕೈ ಇಟ್ಟರು. ಹೋಟೆಲಿನಲ್ಲಿದ್ದ ನಾವೆಲ್ಲ ಚಮಚ ಬಿಟ್ಟು ನೋಡಿದೆವು. ಅವರು ಇಡೀ ವೆಂಬ್ಲಿಗೆ ಅರ್ಥವಾಗುವ ಭಾಷೆಯಲ್ಲಿ ನುಡಿದರು: “ನೆಜಾತ್, ಡೋಂಟ್ ಕ್ರೈ. ಯುವರ್ ಸಾಂಗ್ ವಿನ್, ಐ ಗಿವ್ ಮೈ ಗಾಡೆಸ್ ಒನ್ ಫುಲ್ ಯಕ್ಷಗಾನ. ವಿತ್ ಡಿನ್ನರ್.”

ಅವರ ಮಗಳು ಪ್ರೇಕ್ಷಾ ಕಿವಿಯಿಂದ ಇಯರ್‌ಫೋನ್ ತೆಗೆದು “ಪಪ್ಪಾ, ವಾಟ್?” ಎಂದಳು. ಸಿದ್ದಲಿಂಗಪ್ಪನವರ ಬಾಯಿಂದ ದೋಸೆಯ ತುಂಡು ಕೆಳಗೆ ಬಿತ್ತು. ಯಾವುದೋ ದೇಶದ ಯಾವುದೋ ಹುಡುಗಿಯ ಒಂದು “ಆಆ”ಗಾಗಿ ಆಟದ ಹರಕೆ! ದಾನಶೂರರ ಕಥೆಗಳನ್ನು ಕೇಳಿದ್ದೆವು, ಕಣ್ಣಾರೆ ಕಂಡದ್ದು ಅಂದೇ.

ಅಂಕಗಳು ಬರತೊಡಗಿದವು. ಮೊದಲಿನ ದೇಶಗಳು ಟರ್ಕಿಯ ಹೆಸರೇ ಎತ್ತಲಿಲ್ಲ. ಉಮಾನಾಥರು ನೆಜಾತನ ಬೆನ್ನು ತಟ್ಟುತ್ತಾ ಬಹಳ ಉದಾರವಾಗಿ ಸಮಾಧಾನ ಹೇಳುತ್ತಿದ್ದರು. ಆಮೇಲೆ ಪೋರ್ಚುಗಲ್ ಪೂರ್ತಿ ಅಂಕ ಕೊಟ್ಟಿತು. ಅದನ್ನು ಕಂಡು ಇನ್ನೊಂದು ದೇಶ, ಅದನ್ನು ಕಂಡು ಮತ್ತೊಂದು. ಅಂಕ ಬಂದಾಗಲೆಲ್ಲ ನೆಜಾತ ಒಂದಡಿ ಮೇಲೆ ಹಾರಿದರೆ ಉಮಾನಾಥರು ಕುರ್ಚಿಯಲ್ಲಿ ಒಂದಂಗುಲ ಕೆಳಗೆ ಜಾರುತ್ತಿದ್ದರು. ಭಕ್ತಿಯ ಭಾರ ಎಂದುಕೊಂಡೆವು. ಕೊನೆಯ ದೇಶದ ಸರದಿ ಬಂದಾಗ ಅವರು ಕಣ್ಣು ಮುಚ್ಚಿ, ಹಣೆಯ ಬೆವರು ಒರೆಸಿಕೊಳ್ಳುತ್ತಾ ಏನನ್ನೋ ಪ್ರಾರ್ಥಿಸುತ್ತಿದ್ದರು. ಏನೆಂದು ಕೇಳುವ ಧೈರ್ಯ ಯಾರಿಗಿದೆ?

ಟರ್ಕಿ ಗೆದ್ದಿತು.

ನೆಜಾತ ಉಮಾನಾಥರ ಎರಡೂ ಕೆನ್ನೆಗೆ ಮುತ್ತಿಟ್ಟು, ಅವರನ್ನು ಎತ್ತಿ, ಅಡುಗೆಮನೆಯ ಬಾಗಿಲವರೆಗೆ ಹೊತ್ತುಕೊಂಡು ಹೋದ. ಉಮಾನಾಥರ ಮುಖ ಹಿಟ್ಟಿನಂತೆ ಬೆಳ್ಳಗಾಗಿತ್ತು. ಮೈಮೇಲೆ ಅಮ್ಮ ಬಂದಿದ್ದಾಳೆ ಎಂದು ಯಾರೋ ಕೈಮುಗಿದರು. ಪುಷ್ಪಾವತಿ ಮಾತ್ರ ನೀರು ತಂದು ಕೊಟ್ಟು, ಮೆಲ್ಲಗೆ ಕೇಳಿದರು: “ಹ್ವಾಯ್, ಒಂದ್ ಕಾಯಿ ಅಂದಿರೆ ಸಾಕಾತಿತ್ತಲೆ?”

ಹರಕೆಯಿಂದ ನುಣುಚಿಕೊಳ್ಳುವ ದಾರಿಯಿತ್ತೇ? ವೀರರೂ ಒಮ್ಮೊಮ್ಮೆ ಹಿಂಬಾಗಿಲನ್ನು ನೋಡುತ್ತಾರೆ. ಉಮಾನಾಥರು ಊರಿನ ಅಣ್ಣನಿಗೆ ಫೋನು ಮಾಡಿ, ಅಲ್ಲಿಯ ಮೇಳದಿಂದಲೇ ಆಟ ಆಡಿಸಿಬಿಡಬಹುದೇ ಎಂದು ಕೇಳಿದರು. ಅಲ್ಲಿ ಆಟಕ್ಕೆ ಹೇಳಿಟ್ಟವರ ಸಾಲು ತಲೆಮಾರುಗಟ್ಟಲೆ ಉದ್ದವಿದೆ. “ನಿನ್ ಸರದಿ ಬಪ್ಪತಿಗೆ ಆ ಹಾಡ್ ಹೇಳ್ದ್ ಹೆಣ್ಣ್ ಅಜ್ಜಿ ಆಯಿರತ್ತ್” ಎಂದು ಅಣ್ಣ ನಕ್ಕ. ಹೋಟೆಲಿನ ಟಿವಿಯಲ್ಲಿ ಯಾವುದಾದರೂ ಆಟದ ವಿಡಿಯೊ ಹಾಕಿದರೆ ಹರಕೆಗೆ ಸಲ್ಲುತ್ತದೆಯೇ ಎಂದು ಹೆಂಡತಿಯನ್ನು ಕೇಳಿದರು. ಪುಷ್ಪಾವತಿ ಅವರನ್ನೊಮ್ಮೆ ನೋಡಿದರು. ಆ ನೋಟದ ಮುಂದೆ ಟಿವಿ ತಾನಾಗಿ ಆರಿತು ಎಂದು ಹೇಳುವವರಿದ್ದಾರೆ.

ಕಡೆಗೆ ಲಂಡನ್ನಿನಲ್ಲೇ ಆಟ ನಿಶ್ಚಯವಾಯಿತು. ಶಾಲೆಯೊಂದರ ಹಾಲ್, ಭಾನುವಾರ ಮಧ್ಯಾಹ್ನ. ಪದ ಹೇಳುವ ಭಾಗವತರು ಹ್ಯಾರೋದ ಹಲ್ಲಿನ ಡಾಕ್ಟರು ಕೃಷ್ಣಪ್ರಸಾದ. ಬ್ಯಾಂಕಿನಲ್ಲಿ ಕೆಲಸ ಮಾಡುವ ಶಿಶಿರ್ ರಕ್ಕಸ. ಊರಿನಲ್ಲಿದ್ದಾಗ ಬಣ್ಣದ ವೇಷ ಮಾಡಿ ಅಭ್ಯಾಸವಿದ್ದವನು. ದೇವಿಯ ಪಾತ್ರಕ್ಕೆ ಪ್ರೇಕ್ಷಾ.

“ವೈ ಮೀ? ಮೈ ಕನ್ನಡ ಈಸ್ ಟೆರಿಬಲ್!”

“ದೇವಿಗೆ ಮಾತ್ ಕಮ್ಮಿ ಮಗಾ. ಕಡೀಗೆ ಅವ್ನನ್ನ ಕೊಂದ್ರ್ ಸಾಕ್” ಎಂದು ಅಪ್ಪ ಪುಸಲಾಯಿಸಿದರು.

ಆ ಹಾಲ್‌ನ ಕೀಲಿ ಹಿಡಿದಿದ್ದ ಹೆಂಗಸು ಒಂದೇ ಷರತ್ತು ಹಾಕಿದಳು. ಬೆಂಕಿ ಇಲ್ಲ. ದೀಪ ಇಲ್ಲ, ಊದುಬತ್ತಿ ಇಲ್ಲ, ಏನೂ ಇಲ್ಲ. ಉಮಾನಾಥರು ಒಪ್ಪಿದರು. ವೇಷಧಾರಿಗಳ ಕೋಣೆಯಲ್ಲಿ ನಡೆಯುವ ಚೌಕಿಪೂಜೆಯಲ್ಲಿ ಗಣಪತಿಗೆ ಬ್ಯಾಟರಿ ದೀಪದ ಆರತಿ ಆಯಿತು. ಗಣಪತಿ ಇಂಥ ಎಷ್ಟನ್ನೋ ಕಂಡವನು.

ಹರಕೆ ಯಾರಿಗಾಗಿಯೋ ಅವರು ಎದುರಿನ ಸಾಲಿನಲ್ಲಿ ಕೂರಬೇಕು, ಮೊದಲಿನಿಂದ ಕೊನೆಯವರೆಗೆ. ನೆಜಾತ ಶಾಲು ಹೊದ್ದು, ಗಡ್ಡ ಹೆರೆದುಕೊಂಡು, ಮದುಮಗನ ಹಾಗೆ ಕೂತಿದ್ದ. ಪಕ್ಕದಲ್ಲಿ ಸಿದ್ದಲಿಂಗಪ್ಪನವರು, ಮೀಸೆ ಇನ್ನೂ ಸಮವಾಗಿರಲಿಲ್ಲ, ಅವನಿಗೆ ಕಥೆ ತಿಳಿಸುತ್ತಿದ್ದರು: “ದಿಸ್ ಫೆಲೋ ಬ್ಯಾಡ್. ವೆರಿ ಬ್ಯಾಡ್. ವೇಟ್, ಶಿ ವಿಲ್ ಕಮ್.”

ರಕ್ಕಸನ ಪ್ರವೇಶವೆಂದರೆ ಊರಿನಲ್ಲಿ ಎರಡು ಕಡೆ ಪಂಜು ಉರಿಯಬೇಕು, ಅದಕ್ಕೆ ರಾಳದ ಪುಡಿ ಎರಚಿದರೆ ಜ್ವಾಲೆ ಚಪ್ಪರಕ್ಕೆ ತಾಗಬೇಕು, ಮಕ್ಕಳು ಅಮ್ಮಂದಿರ ಸೆರಗಿನೊಳಗೆ ಅಡಗಬೇಕು. ಇಲ್ಲಿ ಶಿಶಿರ್ ಕಿತ್ತಳೆ ಬಣ್ಣದ ಕಾಗದ ಸುತ್ತಿದ ಎರಡು ಮೊಬೈಲ್ ಟಾರ್ಚು ಹಿಡಿದು “ಹೋ” ಎಂದು ಆರ್ಭಟಿಸುತ್ತಾ ಬಂದ. ಒಂದು ಮೊಬೈಲಿಗೆ ಕರೆ ಬಂತು. ಮಕ್ಕಳು ನಕ್ಕರು.

ನೆಜಾತನಿಗೆ ಅದು ಸಹಿಸಲಾಗಲಿಲ್ಲ. ತನ್ನ ಎಲಿಫಳಿಗಾಗಿ ನಡೆಯುತ್ತಿರುವ ಆಟದಲ್ಲಿ ರಕ್ಕಸನಿಗೆ ಬೆಂಕಿಯಿಲ್ಲವೆಂದರೇನು? ಷರತ್ತಿನ ವಿಷಯ ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಎದ್ದ, ಜೇಬಿನಿಂದ ಕಿವಿಯ ರೋಮ ಸುಡುವ ಕಡ್ಡಿ ತೆಗೆದ, ಹಚ್ಚಿದ, ವೇದಿಕೆಗೆ ಹಾರಿ ರಕ್ಕಸನ ಪಕ್ಕ ನಿಂತು ಎತ್ತಿ ಹಿಡಿದ. “ಅಬೀ! ಫೈರ್!”

ಆ ಪುಟ್ಟ ಜ್ವಾಲೆಗೆ ಮೊದಲು ಸ್ಪಂದಿಸಿದ್ದು ಕಾಗದದ ಪಂಜು. ಎರಡನೆಯದು ಚಾವಣಿಯ ಅಲಾರಮ್. ಪುಷ್ಪಾವತಿ ಒಂದು ಕೊಡ ಮಜ್ಜಿಗೆಯನ್ನು ರಕ್ಕಸನ ಮೇಲೆ ಸುರಿದು ಬೆಂಕಿ ಆರಿಸಿದರು. ಆದರೆ ಅಲಾರಮ್ಮಿಗೆ ಮಜ್ಜಿಗೆಯ ಭಾಷೆ ತಿಳಿಯದು. ಎಲ್ಲರನ್ನೂ ಹೊರಗೆ ಹಾಕಲಾಯಿತು.

ಕಾರ್ ಪಾರ್ಕಿನಲ್ಲಿ ಬೆಂಕಿ ಅನಾಹುತವಾದಾಗ ಸೇರಬೇಕಾದ ಜಾಗದ ಹಸಿರು ಫಲಕದ ಕೆಳಗೆ ದೇವಿ, ಮಜ್ಜಿಗೆ ತೊಟ್ಟಿಕ್ಕುವ ರಕ್ಕಸ, ತಾಳ ಹಿಡಿದ ಹಲ್ಲಿನ ಡಾಕ್ಟರು, ಚೆಂಡೆಯವರು, ಸೀರೆಯುಟ್ಟವರು, ಶಾಲು ಹೊದ್ದ ಕ್ಷೌರಿಕ ಸಾಲಾಗಿ ನಿಂತರು. ಅಗ್ನಿಶಾಮಕ ವಾಹನ ಬಂತು. ಇಳಿದ ಹೆಂಗಸು ಶಿಶಿರನ ಕಿರೀಟ, ಕೋರೆಹಲ್ಲು, ಕೆಂಪು ಮುಖ ನೋಡಿ ತನ್ನ ಹೆಲ್ಮೆಟ್ಟು ಸರಿಮಾಡಿಕೊಂಡಳು. ಆಮೇಲೆ “ನಿಮಗೇನೂ ಆಗಿಲ್ಲವಷ್ಟೇ?” ಎಂದು ಕೇಳಿದಳು.

ಒಳಗೆ ಹೋಗಲು ಇನ್ನೂ ತಡವಿದೆ ಎಂದಾಯಿತು. ಕೃಷ್ಣಪ್ರಸಾದರು ಮೆಲ್ಲಗೆ, “ಉಮಾನಾಥಣ್ಣ, ಇಷ್ಟಕ್ಕೇ ಮಂಗಳ ಹಾಡಿ ಮುಗಿಸುವನಾ?” ಎಂದರು.

ಉಮಾನಾಥರು ರಕ್ಕಸನನ್ನು ನೋಡಿದರು. ಅರ್ಧಕ್ಕೆ ನಿಂತ ಆಟ ಹರಕೆಗೆ ಸಲ್ಲುವುದಿಲ್ಲ. ಸಲ್ಲದಿದ್ದರೆ ಇದೆಲ್ಲ ಇನ್ನೊಮ್ಮೆ: ಹಾಲ್, ಊಟ, ಪುಷ್ಪಾವತಿಯ ಆ ನೋಟ. ಜೊತೆಗೆ “ಉಮಾನಾಥಣ್ಣ ಹೇಳಿದರೆ ಹೇಳಿದ್ದೇ” ಎಂಬ ಮಾತಿನ ಬಾಲಕ್ಕೆ “ಆ ಟರ್ಕಿಯದೊಂದು ಬಿಟ್ಟು” ಎಂದು ಶಾಶ್ವತವಾಗಿ ಸೇರಿಕೊಳ್ಳುತ್ತದೆ.

“ರಕ್ಕಸ ಸತ್ತಿಲ್ಲೆ, ಡಾಕ್ಟ್ರೆ. ಮಂಗಳ ಹಾಡುಕೆ ಆತಿಲ್ಲೆ” ಎಂದರು. “ಇಲ್ಲೇ ಕೊಲ್ಲಿ.”

ಚೆಂಡೆ ಮೊಳಗಿತು. ಅದೇ ಹೊತ್ತಿಗೆ ಹತ್ತಿರದ ವೆಂಬ್ಲಿ ಸ್ಟೇಡಿಯಂನಲ್ಲಿ ಫುಟ್‌ಬಾಲ್ ಪಂದ್ಯ ಮುಗಿದು ಜನ ಆ ದಾರಿಯಲ್ಲೇ ಬರತೊಡಗಿದ್ದರು. ಸೋತ ತಂಡದ ಅಂಗಿಯವರು, ಗೆದ್ದ ತಂಡದ ಅಂಗಿಯವರು, ಎಲ್ಲರೂ ಬೇಲಿಗೆ ಒರಗಿ ನಿಂತರು. ನಿಂತ ಕಾರುಗಳ ನಡುವೆ ದೇವಿಗೂ ರಕ್ಕಸನಿಗೂ ಯುದ್ಧ ಹತ್ತಿತು. ಒಂದು ಸುತ್ತು ತಿರುಗುವಷ್ಟರಲ್ಲಿ ಪ್ರೇಕ್ಷಾಳ ಕನ್ನಡ ಮುಗಿದುಹೋಯಿತು. ಅವಳು ತ್ರಿಶೂಲ ಎತ್ತಿ “ಗೆಟ್ ಔಟ್ ಆಫ್ ಮೈ ಯೂನಿವರ್ಸ್!” ಎಂದು ಗುಡುಗಿದಳು. ಬೇಲಿಯಾಚೆ ಜಯಘೋಷ ಎದ್ದಿತು. ಸೋತ ತಂಡದವರಿಗೆ ಆ ದಿನ ಯಾರಾದರೂ ಗೆಲ್ಲುವುದು ಬೇಕಾಗಿತ್ತು.

ರಕ್ಕಸ ಸಾಯಲು ಒಲ್ಲ. ಇಷ್ಟು ಪ್ರೇಕ್ಷಕರು ಶಿಶಿರನಿಗೆ ಜನ್ಮದಲ್ಲೇ ಸಿಕ್ಕಿರಲಿಲ್ಲ. ಬಿದ್ದು ಬಿದ್ದು ಏಳುತ್ತಿದ್ದ. ಕೃಷ್ಣಪ್ರಸಾದರಿಗೆ ಹೇಳಲು ಪದ ಉಳಿಯಲಿಲ್ಲ. ಆಗ ನೆಜಾತ, ತನ್ನಿಂದಾದ ಅನಾಹುತಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ, ಗಂಟಲೆತ್ತಿ ಗೆದ್ದ ಹಾಡನ್ನು ಶುರುಮಾಡಿದ. ಡಾಕ್ಟರು ಒಂದೆರಡು ಸುತ್ತು ಕಿವಿಗೊಟ್ಟು ಕೇಳಿ, ತಾಳ ತಟ್ಟಿ ನೋಡಿ, ಕೂಗಿದರು: “ಹ್ವಾಯ್, ಇದ್ ಏಳಕ್ಷರ! ನಮ್ಮ ತ್ರಿವುಡೆ ತಾಳ ಮಾರಾಯ್ರೆ, ಬಾರ್ಸಿ!”

ಚೆಂಡೆಯವರು ಬಾರಿಸಿದರು. ಗೋಡೆಯಾಚೆಯಿಂದ ತಿಂಗಳುಗಟ್ಟಲೆ ಆ ಲಯ ಕೇಳಿದ್ದ ಉಮಾನಾಥರ ಬಲಗೈ ಗಾಳಿಯಲ್ಲಿ ತಾನಾಗಿ ದೋಸೆ ಹುಯ್ಯತೊಡಗಿತು. “ಆಆ” ಬಂದಲ್ಲೆಲ್ಲ ಪುಷ್ಪಾವತಿಯ ಮುಂದಾಳತ್ವದಲ್ಲಿ ಹೆಂಗಸರೆಲ್ಲ “ಆಆ” ಎಂದರು, ಫುಟ್‌ಬಾಲಿನವರೂ ಎಂದರು. ತಣ್ಣಗಾದ ಚಹಾದ ಹಾಡಿಗೆ ಹೆಜ್ಜೆ ಹಾಕುತ್ತಾ ದೇವಿ ರಕ್ಕಸನ ಎದೆಗೆ ತ್ರಿಶೂಲ ಇಟ್ಟಳು. ಉಮಾನಾಥರು ಅವನ ಕಿವಿಯ ಬಳಿ ಬಗ್ಗಿ “ಸಾಯಾ, ಊಟ ತಣಿತ್” ಎಂದ ಮೇಲೆ ಶಿಶಿರ್ ಸತ್ತ. ಮಂಗಳ ಹಾಡಿದ್ದಾಯಿತು. ಅಗ್ನಿಶಾಮಕ ದಳದವರು ಪಂಚಕಜ್ಜಾಯ ತಿಂದು ಹೋದರು.

ಅಲ್ಲಿಂದ ಉಮಾನಾಥರ ಕೀರ್ತಿ ಕಾಲಿಟ್ಟಲ್ಲೆಲ್ಲ ಬೆಳೆಯಿತು. ಸ್ಟ್ರಾಟ್‌ಫರ್ಡಿನ ಕನ್ನಡಿಗರು ಹೇಳುವ ಕಥೆಯಲ್ಲಿ ಸ್ಪರ್ಧೆಯ ತೀರ್ಪುಗಾರರ ಕೈಯನ್ನೇ ಅಮ್ಮ ಹಿಡಿದು ಬರೆಸಿದ್ದಾಳೆ. ನೆಜಾತನ ಅಂಗಡಿಯಲ್ಲಿ ಎಲಿಫಳ ಚಿತ್ರದ ಪಕ್ಕ ಉಮಾನಾಥರ ಚಿತ್ರ ತೂಗುತ್ತಿದೆ. ಸಿದ್ದಲಿಂಗಪ್ಪನವರು ಕೂಡ ಪಕ್ಷ ಬದಲಿಸಿದರು. ಒಂದು ಬೆಳಗ್ಗೆ ಹೋಟೆಲಿಗೆ ಬಂದು, ಚಪ್ಪಲಿ ಬಾಗಿಲಲ್ಲೇ ಬಿಟ್ಟು, ಕಾವಲಿಯ ಮುಂದೆ ಕೈಕಟ್ಟಿ ನಿಂತರು. ಹಿಂದೆಯೇ ನೆಜಾತ, ಅವನೂ ಕೈಕಟ್ಟಿಕೊಂಡು.

“ಉಮಾನಾಥಪ್ಪ, ಒಂದ್ ಮಾತು ಖರೇ ಹೇಳ್ರಿ. ನಾನೂ ಭಾಳ ವಿಚಾರ ಮಾಡೀನಿ. ಜಗತ್ತೆಲ್ಲಾ ಆ ಹಾಡು ಸೋಲ್ತೈತಿ ಅಂದಾಗ ನೀವೊಬ್ಬರ ಎದ್ದು ನಿಂತು ಅಷ್ಟ ದೊಡ್ಡ ಹರಕಿ ಹೊತ್ರಿ. ಆ ಹೊತ್ತಿನ್ಯಾಗ ನಿಮ್ಮ ಒಳಗ ಏನಿತ್ರೀ? ಭಕ್ತಿಯೋ, ಧೈರ್ಯವೋ, ದೇವಿಯ ಅಪ್ಪಣೆಯೋ?”

ಉಮಾನಾಥರು ದೋಸೆ ಮಗುಚಿದರು.

“ಸೋಲತ್ತ್ ಅಂದೇಳಿ ಎಣ್ಸಿದ್ದೆ ಮಾರಾಯ್ರೆ.”